ಅಲಾರಂ ಹೊಡೆದ ಮೊದಲ ಎರಡು ನಿಮಿಷ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಕೆಲಸದ ಜಾಗದಲ್ಲಿ ಬೆಂಕಿ, ನೆರೆ, ಭೂಕಂಪ, ಅನಿಲ ಸೋರಿಕೆಯಂಥ ಅನಾಹುತಗಳಿಗೆ ಹೇಗೆ ಸಿದ್ಧವಾಗಿರಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಏನೇನು ಕೊಳ್ಳಬೇಕು ಎಂದು. ಅದಕ್ಕೂ ಉತ್ತರವಿದೆ. ಆದರೆ ಯಾರು, ಯಾವಾಗ, ಏನು ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿರದಿದ್ದರೆ ಕೊಂಡದ್ದೆಲ್ಲ ಗೋಡೆಗೆ ನೇತುಬಿದ್ದೇ ಇರುತ್ತದೆ. ಹಾಗಾಗಿ ಉತ್ತರಗಳಲ್ಲಿ ಆ ಮಾತೇ ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ಮೂರನೇ ಮಹಡಿಯಲ್ಲಿ ನಮ್ಮದು 40 ಜನರ ಕಚೇರಿ. ಬೆಂಕಿ ಆರಿಸುವ ಸಿಲಿಂಡರ್‌ಗಳಿವೆ, ಅಲಾರಂ ಇದೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಇದೆ. ಕಳೆದ ತಿಂಗಳು ಅಲಾರಂ ಹೊಡೆಯಿತು. ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ. ನಾಲ್ಕು ನಿಮಿಷದ ಮೇಲೆ ಅದು ಸುಳ್ಳು ಅಲಾರಂ ಎಂದು ಗೊತ್ತಾಯಿತು. ನಿಜವಾದ ಬೆಂಕಿಯೇ ಆಗಿದ್ದರೆ ಏನು ಗತಿ ಎಂಬ ಯೋಚನೆ ಬಿಡುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?
– ಕಚೇರಿಯ ಆಡಳಿತ ನೋಡಿಕೊಳ್ಳುವವರು

ಉತ್ತರ: ನಿಮ್ಮಲ್ಲಿ ಸಾಮಾನಿಗೆ ಕೊರತೆಯಿಲ್ಲ. "ಏಳಿ, ಹೊರಡಿ" ಎಂದು ಹೇಳುವ ಅಧಿಕಾರ ಯಾರದು ಎಂಬುದು ತೀರ್ಮಾನವಾಗಿಲ್ಲ, ಅಷ್ಟೇ. ಕಟ್ಟಡ ಖಾಲಿಯಾಗಲು ಹಿಡಿಯುವ ಹೊತ್ತಿನಲ್ಲಿ ಮೆಟ್ಟಿಲಿಳಿಯುವುದು ಒಂದು ಪಾಲು ಮಾತ್ರ. ಎಷ್ಟೋ ಸಲ ಅದಕ್ಕಿಂತ ದೊಡ್ಡ ಪಾಲು ಹೊರಡುವ ಮುಂಚೆಯೇ ಕಳೆದಿರುತ್ತದೆ. ಅಲಾರಂ ಕೇಳಿದವರು ಪಕ್ಕದವರ ಮುಖ ನೋಡುತ್ತಾರೆ. ಅವರು ಕೂತೇ ಇದ್ದಾರೆ, ಹಾಗಾದರೆ ಏನೂ ಆಗಿಲ್ಲ ಎಂದುಕೊಳ್ಳುತ್ತಾರೆ. ಪಕ್ಕದವರೂ ಇವರನ್ನು ನೋಡಿ ಅದನ್ನೇ ಅಂದುಕೊಂಡಿರುತ್ತಾರೆ. ಆಮೇಲೆ ಫೈಲ್ ಸೇವ್ ಮಾಡುವುದು, ಚೀಲ ಹುಡುಕುವುದು, ಮೇಲಧಿಕಾರಿಯನ್ನು ಒಂದು ಮಾತು ಕೇಳುವುದು. ಅಷ್ಟರಲ್ಲಿ ಹೊಗೆ ಮೆಟ್ಟಿಲ ಬಾಗಿಲಿಗೆ ಬಂದಿರುತ್ತದೆ.

ಮೇಲಿನವರ ಒಪ್ಪಿಗೆಗೆ ಕಾಯುವುದು ಎಷ್ಟು ಅಪಾಯವೆಂದರೆ, 2012ರಲ್ಲಿ ಢಾಕಾದ ಹೊರವಲಯದ ತಾಜ್ರೀನ್ ಉಡುಪು ಕಾರ್ಖಾನೆಯಲ್ಲಿ ಅಲಾರಂ ಹೊಡೆದ ಮೇಲೂ ಮೇಲ್ವಿಚಾರಕರು ಕೆಲಸ ಮುಂದುವರಿಸಿ ಎಂದು ಕೆಲಸಗಾರರನ್ನು ತಡೆದರು. ಬೆಂಕಿ ಹತ್ತಿದ್ದು ನೆಲಮಹಡಿಯಲ್ಲಿ, ನೂಲು ಮತ್ತು ಬಟ್ಟೆ ಪೇರಿಸಿಟ್ಟ ಜಾಗದಲ್ಲಿ. ಮೆಟ್ಟಿಲುಗಳು ಇಳಿಯುತ್ತಿದ್ದುದೂ ಅಲ್ಲಿಗೇ. ನೂರಕ್ಕೂ ಹೆಚ್ಚು ಜನ ಸತ್ತರು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೆ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಮೋರ್ಗನ್ ಸ್ಟ್ಯಾನ್ಲಿ ಸಂಸ್ಥೆಯ ಭದ್ರತೆ ನೋಡಿಕೊಳ್ಳುತ್ತಿದ್ದ ರಿಕ್ ರೆಸ್ಕೋರ್ಲಾ, 1993ರ ಬಾಂಬ್ ಸ್ಫೋಟದ ನಂತರ ಎಲ್ಲರನ್ನೂ ಪದೇ ಪದೇ ಮೆಟ್ಟಿಲಿಳಿಸಿ ಅಭ್ಯಾಸ ಮಾಡಿಸಿದರು. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಅಪ್ಪಳಿಸಿದಾಗ, ಅವರಿದ್ದ ಗೋಪುರದ ಧ್ವನಿವರ್ಧಕ ಜನರಿಗೆ ತಮ್ಮ ತಮ್ಮ ಜಾಗದಲ್ಲೇ ಇರಿ ಎಂದು ಹೇಳುತ್ತಿತ್ತು. ರೆಸ್ಕೋರ್ಲಾ ಅದಕ್ಕೆ ಕಿವಿಗೊಡದೆ ತಮ್ಮವರನ್ನು ಇಳಿಸಲು ಶುರು ಮಾಡಿದರು. ಅಲ್ಲಿದ್ದ ಸಂಸ್ಥೆಯ ಸುಮಾರು 2,700 ಜನರಲ್ಲಿ ಬಹುಪಾಲು ಎಲ್ಲರೂ ಬದುಕಿದರು. ಉಳಿದವರನ್ನು ಹುಡುಕಲು ಮತ್ತೆ ಮೇಲೆ ಹತ್ತಿದ ಅವರು ಮರಳಲಿಲ್ಲ.

ನೀವು ಈ ವಾರವೇ ಒಂದು ಹಾಳೆ ತೆಗೆದುಕೊಂಡು ಐದು ಕೆಲಸ ಬರೆಯಿರಿ: ಅಲಾರಂ ಕೇಳಿದ ಕೂಡಲೇ ಎದ್ದು ನಿಂತು "ಎಲ್ಲರೂ ಮೆಟ್ಟಿಲ ಕಡೆ ನಡೆಯಿರಿ" ಎಂದು ಕೂಗುವುದು; ಶೌಚಾಲಯ, ಸಭಾಕೊಠಡಿ, ಊಟದ ಕೋಣೆ ನೋಡಿಕೊಂಡು ಬಾಗಿಲು ಎಳೆದುಕೊಂಡು ಕೊನೆಗೆ ಹೊರಡುವುದು; ಹಾಜರಿ ಪಟ್ಟಿ ಮತ್ತು ಸಂದರ್ಶಕರ ಪುಸ್ತಕ ಕೆಳಗೆ ತರುವುದು; ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವುದು; ಗೇಟಿನಲ್ಲಿ ನಿಂತು ದಳದವರಿಗೆ ದಾರಿ ತೋರಿಸುವುದು. ಪ್ರತಿ ಕೆಲಸದ ಎದುರು ಎರಡು ಹೆಸರಿರಲಿ, ಒಬ್ಬರು ರಜೆಯಲ್ಲಿದ್ದಾಗ ಇನ್ನೊಬ್ಬರು. ಮೊದಲ ಕೆಲಸದವರು ಯಾರನ್ನೂ ಕೇಳಬೇಕಾಗಿಲ್ಲ, ಸುಳ್ಳು ಅಲಾರಂ ಆಗಿದ್ದರೂ ಅವರನ್ನು ಯಾರೂ ಗದರಿಸುವಂತಿಲ್ಲ ಎಂದು ಸಂಸ್ಥೆಯ ಮುಖ್ಯಸ್ಥರೇ ಸಹಿ ಹಾಕಿ ಕೊಡಲಿ. ಆ ಸಹಿಯಿಲ್ಲದೆ ಹೋದರೆ ಪಟ್ಟಿಯಿದ್ದರೂ ಜನ ಹಿಂಜರಿಯುತ್ತಾರೆ.

ಇನ್ನು ಸುಳ್ಳು ಅಲಾರಂ ಯಾಕೆ ಬಂತು ಎಂಬುದನ್ನೂ ಬಿಡಬೇಡಿ. ಹೊಗೆ ಪತ್ತೆಯಂತ್ರದೊಳಗೆ ಧೂಳು ಕೂತಿರುವುದು, ಅದನ್ನು ಕೆಟಲ್ ಅಥವಾ ಟೋಸ್ಟರ್‌ನ ಮೇಲೆಯೇ ಹಾಕಿರುವುದು, ಮರಗೆಲಸ ನಡೆಯುವಾಗ ಮುಚ್ಚದೇ ಇರುವುದು ಸಾಮಾನ್ಯ ಕಾರಣಗಳು. ಅಡುಗೆ ಜಾಗದಲ್ಲಿ ಹೊಗೆಯ ಬದಲು ಶಾಖ ಗುರುತಿಸುವ ಯಂತ್ರ ಹಾಕಿಸಿದರೆ ತೊಂದರೆ ತಪ್ಪುತ್ತದೆ. ಕಿರಿಕಿರಿ ಎಂದು ಅಲಾರಂನ ಪ್ಯಾನೆಲ್ಲನ್ನೇ ಆಫ್ ಮಾಡಿಟ್ಟಿರುವ ಕಚೇರಿಗಳಿವೆ. ನಿಮ್ಮದನ್ನು ಇವತ್ತೇ ಹೋಗಿ ನೋಡಿ.

ಪ್ರಶ್ನೆ: ಯಾವ ಬೆಂಕಿಗೆ ಯಾವ ಸಿಲಿಂಡರ್? ನಮ್ಮಲ್ಲಿ ಎಲ್ಲ ಕಡೆ ಪುಡಿಯದೇ ಇದೆ. ಕಂಪ್ಯೂಟರ್ ಕೋಣೆಗೂ ಅದೇ ಸಾಕೇ?
– ಮುದ್ರಣಾಲಯದ ಮೇಲ್ವಿಚಾರಕರು

ಉತ್ತರ: ಎಬಿಸಿ ಎಂದು ಬರೆದಿರುವ ಪುಡಿ ಸಿಲಿಂಡರ್ ಕಾಗದ, ಮರ, ಬಟ್ಟೆ, ಪೆಟ್ರೋಲಿನಂಥ ದ್ರವ, ವಿದ್ಯುತ್ ಉಪಕರಣ ಎಲ್ಲದಕ್ಕೂ ಬರುತ್ತದೆ. ಆದರೆ ಪುಡಿ ಒಳಗೆ ಹೊಕ್ಕ ಕಂಪ್ಯೂಟರ್ ಮತ್ತು ಸರ್ವರ್ ಕೆಡುತ್ತವೆ, ಮುಚ್ಚಿದ ಕೋಣೆಯಲ್ಲಿ ಕಣ್ಣೆದುರು ಏನೂ ಕಾಣದಂತಾಗುತ್ತದೆ. ಕಂಪ್ಯೂಟರ್ ಕೋಣೆಗೆ ಕಾರ್ಬನ್ ಡೈಆಕ್ಸೈಡ್‌ನದು ಇಡಿ. ಅದು ಆಮ್ಲಜನಕವನ್ನು ಹೊರದಬ್ಬಿ ಬೆಂಕಿ ಆರಿಸುತ್ತದೆ. ಹಾಗಾಗಿ ಚಿಕ್ಕ ಕೋಣೆಯೊಳಗೆ ನಿಂತು ಬಳಸಿದರೆ ನಿಮಗೂ ಉಸಿರು ಕಟ್ಟುತ್ತದೆ. ಬಾಗಿಲಲ್ಲೇ ನಿಂತು ಹೊಡೆದು ಹಿಂದೆ ಸರಿಯಿರಿ. ಅನಿಲ ಹೊರಬರುವ ಅದರ ಕಪ್ಪು ಕೊಂಬನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಹಿಮಗಟ್ಟಿ ಸುಟ್ಟಂತಾಗುತ್ತದೆ. ಹಿಡಿಕೆಯನ್ನೇ ಹಿಡಿಯಿರಿ.

ನಿಮ್ಮ ಕಾಗದದ ದಾಸ್ತಾನಿಗೆ ನೀರಿನ ಸಿಲಿಂಡರ್ ಪುಡಿಗಿಂತ ಒಳ್ಳೆಯದು. ಪುಡಿ ಮೇಲಿನ ಜ್ವಾಲೆಯನ್ನು ಆರಿಸುತ್ತದೆ, ಕಟ್ಟಿನೊಳಗಿನ ಕೆಂಡವನ್ನು ತಣ್ಣಗಾಗಿಸುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ. ಇಂಕ್ ಮತ್ತು ಥಿನ್ನರ್ ಇಡುವ ಕಡೆ ಮಾತ್ರ ನೀರು ಬೇಡವೇ ಬೇಡ, ಉರಿಯುವ ದ್ರವ ನೀರಿನ ಮೇಲೆ ತೇಲಿ ಹರಡುತ್ತದೆ. ಅಲ್ಲಿ ನೊರೆಯದು ಅಥವಾ ಪುಡಿಯದು. ಕ್ಯಾಂಟೀನಿನಲ್ಲಿ ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ಒಂದು ಲೋಟ ನೀರು ಹಾಕಿದರೂ ಬೆಂಕಿ ಸಿಡಿದು ಮೇಲೇಳುತ್ತದೆ. ಕೈಗೆಟುಕಿದರೆ ಒಲೆ ಆರಿಸಿ, ತಟ್ಟೆಯನ್ನೋ ಬೆಂಕಿ ಕಂಬಳಿಯನ್ನೋ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆಗೆಯಬೇಡಿ.

ಜನರಿಗೆ ಗೊತ್ತಿಲ್ಲದ ಸಂಗತಿ ಎಂದರೆ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಎಂಬುದು. 6 ಕಿಲೋ ಪುಡಿಯದು 15ರಿಂದ 20 ಸೆಕೆಂಡಿನಲ್ಲಿ ಖಾಲಿ. ಸಣ್ಣ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ 10 ಸೆಕೆಂಡಿನ ಆಸುಪಾಸು, ಅದೂ ಒಂದೆರಡು ಮೀಟರ್ ಹತ್ತಿರ ಹೋದರೆ ಮಾತ್ರ ತಾಗುತ್ತದೆ. ಆದ್ದರಿಂದ ಕಸದ ಬುಟ್ಟಿಯಷ್ಟು ಬೆಂಕಿಗೆ ಮಾತ್ರ ಕೈ ಹಾಕಿ. ಅಲಾರಂ ಒತ್ತಿ ಆಗಿರಬೇಕು, ಹೊರಬಾಗಿಲು ನಿಮ್ಮ ಬೆನ್ನ ಹಿಂದೆ ಇರಬೇಕು. ಪಿನ್ ಎಳೆಯಿರಿ, ಎರಡು-ಮೂರು ಮೀಟರ್ ದೂರದಿಂದ ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿಯಿಡಿ, ಹಿಡಿಕೆ ಅದುಮಿ, ಆ ಕಡೆಯಿಂದ ಈ ಕಡೆಗೆ ಗುಡಿಸಿದಂತೆ ಆಡಿಸಿ. ಒಂದು ಸಿಲಿಂಡರಿಗೆ ಆರದಿದ್ದರೆ ಇನ್ನೊಂದನ್ನು ಹುಡುಕುತ್ತಾ ಹೋಗಬೇಡಿ, ಬಾಗಿಲು ಮುಚ್ಚಿಕೊಂಡು ಹೊರಡಿ.

ತಿಂಗಳಿಗೊಮ್ಮೆ ನೋಡಬೇಕಾದ್ದು: ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಪಿನ್ ಮತ್ತು ಸೀಲ್ ಹಾಗೆಯೇ ಇವೆಯೇ, ಕೊಳವೆ ಬಿರುಕು ಬಿಟ್ಟಿದೆಯೇ, ಮುಂದೆ ರಟ್ಟಿನ ಡಬ್ಬ ಪೇರಿಸಿದ್ದಾರೆಯೇ. ಕಾರ್ಬನ್ ಡೈಆಕ್ಸೈಡ್‌ನದಕ್ಕೆ ಸಾಮಾನ್ಯವಾಗಿ ಮುಳ್ಳಿರುವುದಿಲ್ಲ, ತೂಗಿಯೇ ನೋಡಬೇಕು. ಒಳಗಿನ ಅನಿಲದ ತೂಕ ಹತ್ತನೇ ಒಂದು ಪಾಲು ಇಳಿದಿದ್ದರೆ ಮತ್ತೆ ತುಂಬಿಸಿ. ಒಂದೇ ಒಂದು ಸಲ, ಅರ್ಧ ಸೆಕೆಂಡು ಒತ್ತಿದ ಪುಡಿ ಸಿಲಿಂಡರನ್ನೂ ಹಾಗೆಯೇ ತೂಗುಹಾಕಬೇಡಿ. ಕವಾಟದಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ನಿಧಾನವಾಗಿ ಸೋರಿಹೋಗುತ್ತದೆ.

ಪ್ರಶ್ನೆ: ಕಳ್ಳತನದ ಭಯಕ್ಕೆ ಗೋದಾಮಿನ ಹಿಂಬಾಗಿಲಿಗೆ ಬೀಗ ಹಾಕುತ್ತೇವೆ. ಕೀಲಿಕೈ ಕಾವಲುಗಾರರ ಹತ್ತಿರ ಇರುತ್ತದೆ. ಇದರಲ್ಲಿ ತಪ್ಪಿದೆಯೇ?

ಉತ್ತರ: ಇದೆ, ದೊಡ್ಡ ತಪ್ಪು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೇ ಮಹಡಿಯವರೆಗಷ್ಟೇ ಮುಟ್ಟುತ್ತಿತ್ತು. 146 ಜನ ಸತ್ತರು, ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು.

ಕೀಲಿಕೈ ಇರುವವರು ಆ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿರಬಹುದು, ಹೊಗೆಯಲ್ಲಿ ಬೀಗದ ತೂತು ಕಾಣದಿರಬಹುದು. ಒಳಗಿನಿಂದ ಅಡ್ಡಪಟ್ಟಿ ತಳ್ಳಿದರೆ ಸಾಕು, ಬಾಗಿಲು ತೆರೆದುಕೊಳ್ಳುವ ವ್ಯವಸ್ಥೆ ಇದೆ. ಅದನ್ನು ಪ್ಯಾನಿಕ್ ಬಾರ್ ಎನ್ನುತ್ತಾರೆ. ಹೊರಗಿನಿಂದ ಆ ಬಾಗಿಲು ಬೀಗ ಹಾಕಿದಂತೆಯೇ ಇರುತ್ತದೆ. ಯಾರಾದರೂ ತೆರೆದರೆ ಕೂಗುವ ಸಣ್ಣ ಸೈರನ್ನನ್ನೂ ಅದಕ್ಕೆ ಸೇರಿಸಬಹುದು. ಕಳ್ಳತನದ ಚಿಂತೆಯೂ ತೀರುತ್ತದೆ. ಬಾಗಿಲು ಹೊರಮುಖವಾಗಿ ತೆರೆಯುವಂತಿರಲಿ. ಒಳಮುಖವಾದರೆ ಹಿಂದಿನಿಂದ ನೂಕುವ ಗುಂಪಿನಲ್ಲಿ ಮುಂದಿರುವವರಿಗೆ ಅದನ್ನು ಎಳೆಯಲೂ ಜಾಗ ಸಿಗುವುದಿಲ್ಲ. ಬಾಗಿಲಾಚೆ ಲಾರಿ ನಿಲ್ಲಿಸದಂತೆ ನೆಲಕ್ಕೆ ಬಣ್ಣದ ಗೆರೆ ಎಳೆಸಿ.

ಇದರ ತದ್ವಿರುದ್ಧದ ತಪ್ಪು ಮೆಟ್ಟಿಲ ಬಳಿಯ ಬೆಂಕಿ ತಡೆ ಬಾಗಿಲಿನಲ್ಲಿ ಆಗುತ್ತದೆ. ಅದು ತಾನಾಗಿ ಮುಚ್ಚಿಕೊಳ್ಳಬೇಕು. ಗಾಳಿ ಬರಲಿ ಎಂದು ಕಲ್ಲೋ ಕುರ್ಚಿಯೋ ಒತ್ತುಕೊಟ್ಟು ತೆರೆದಿಟ್ಟರೆ ಮೆಟ್ಟಿಲ ಬಾವಿಯೇ ಹೊಗೆಕೊಳವೆಯಾಗುತ್ತದೆ.

ಪ್ರಶ್ನೆ: ನಮ್ಮ ಐದನೇ ಮಹಡಿಯ ಕಚೇರಿಯಲ್ಲಿ ಗಾಲಿಕುರ್ಚಿ ಬಳಸುವ ಸಹೋದ್ಯೋಗಿಯೊಬ್ಬರಿದ್ದಾರೆ. ಇನ್ನೊಬ್ಬರಿಗೆ ಕಿವಿ ಕೇಳುವುದಿಲ್ಲ. ಡ್ರಿಲ್ (ಕಟ್ಟಡ ಖಾಲಿ ಮಾಡುವ ಅಭ್ಯಾಸ) ಇದ್ದಾಗ ಇಬ್ಬರಿಗೂ "ನೀವು ಇವತ್ತು ಮನೆಯಿಂದ ಕೆಲಸ ಮಾಡಿ" ಎನ್ನುತ್ತಾರೆ.

ಉತ್ತರ: ಹಾಗೆ ಮಾಡಿದರೆ, ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದವರನ್ನೇ ಅದರಿಂದ ಹೊರಗಿಟ್ಟಂತಾಯಿತು. ಅವರಿಬ್ಬರನ್ನೂ ಕೂರಿಸಿಕೊಂಡು, ಅವರನ್ನೇ ಕೇಳಿ, ಒಬ್ಬೊಬ್ಬರಿಗೂ ಬೇರೆ ಬೇರೆ ಯೋಜನೆ ಬರೆಯಿರಿ. ತಮಗೆ ಏನು ಸಾಧ್ಯ, ತಮ್ಮನ್ನು ಹೇಗೆ ಎತ್ತಬಾರದು ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಬೆಂಕಿಯ ಹೊತ್ತಿನಲ್ಲಿ ಸಾಮಾನ್ಯ ಲಿಫ್ಟ್ ಬಳಸುವಂತಿಲ್ಲ. ವಿದ್ಯುತ್ ಹೋಗಿ ನಡುವೆ ನಿಲ್ಲಬಹುದು, ಬೆಂಕಿಯಿರುವ ಮಹಡಿಯಲ್ಲೇ ಬಾಗಿಲು ತೆರೆಯಬಹುದು, ಅದು ಓಡಾಡುವ ಬಾವಿ ಹೊಗೆಯನ್ನು ಮೇಲಕ್ಕೆಳೆಯುತ್ತದೆ. ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸುವ ವಿಶೇಷ ಕುರ್ಚಿಗಳಿವೆ. ಅದನ್ನು ಆ ಮಹಡಿಯಲ್ಲೇ ಮೆಟ್ಟಿಲ ಪಕ್ಕದಲ್ಲಿ ತೂಗುಹಾಕಿ, ನಾಲ್ವರಿಗಾದರೂ ಕಲಿಸಿ. ಒಬ್ಬರೇ ಕಲಿತಿದ್ದರೆ ಅವರು ರಜೆ ಹಾಕಿದ ದಿನ ಕುರ್ಚಿಯಿದ್ದೂ ಇಲ್ಲದಂತೆ. ಖಾಲಿ ಕುರ್ಚಿಯಲ್ಲಿ ಕಲಿಯುವುದು ಸಾಲದು, ಮೊದಲು ಕಲಿಯುವವರೇ ಒಬ್ಬರನ್ನೊಬ್ಬರು ಕೂರಿಸಿಕೊಂಡು ಇಳಿಸಲಿ. ಇಳಿಸುವ ಮುನ್ನ ಕಾಯಬೇಕಾಗಿ ಬಂದರೆ ಬೆಂಕಿ ತಡೆ ಬಾಗಿಲಿನ ಒಳಗಿನ ಮೆಟ್ಟಿಲ ಚೌಕಿಯಲ್ಲಿ, ಜೊತೆಗೊಬ್ಬರಿದ್ದು ಕಾಯಬೇಕು. "ಐದನೇ ಮಹಡಿ, ಪೂರ್ವದ ಮೆಟ್ಟಿಲು, ಇಬ್ಬರು" ಎಂಬ ಮಾತು ಕೆಳಗೆ ಗೇಟಿನಲ್ಲಿರುವವರಿಗೆ ತಲುಪಬೇಕು.

ಕಿವಿ ಕೇಳದವರಿಗೆ ಮಿನುಗುವ ದೀಪದ ಅಲಾರಂ ಬೇಕು. ಅವರು ಕೂರುವಲ್ಲಿ ಮಾತ್ರ ಹಾಕಿಸಿ ಸುಮ್ಮನಾಗಬೇಡಿ, ಶೌಚಾಲಯದಲ್ಲೂ ಬೇಕು. ಯಂತ್ರಗಳ ಸದ್ದು ಜೋರಾಗಿರುವ ಕಡೆ ಆ ದೀಪ ಎಲ್ಲರಿಗೂ ಬೇಕಾಗುತ್ತದೆ. ಕಾಲು ಮುರಿದುಕೊಂಡವರು, ಗರ್ಭಿಣಿಯರು, ಉಬ್ಬಸ ಇರುವವರು ಇದೇ ಯೋಜನೆಗೆ ಕೆಲವು ತಿಂಗಳ ಮಟ್ಟಿಗೆ ಸೇರಿಕೊಳ್ಳುತ್ತಾರೆ ಎಂಬುದೂ ನೆನಪಿರಲಿ.

ಪ್ರಶ್ನೆ: ಡ್ರಿಲ್ ಮಾಡಿದರೆ ಜನ ನಗುತ್ತಾ ಹರಟುತ್ತಾ ಇಳಿಯುತ್ತಾರೆ. ಉಪಯೋಗವೇನು?

ಉತ್ತರ: ನಗಲಿ, ದಾರಿ ಕಾಲಿಗೆ ಗೊತ್ತಾದರೆ ಸಾಕು. ಜನ ಗಾಬರಿಯಲ್ಲಿ ತಾವು ದಿನಾ ಒಳಗೆ ಬಂದ ಬಾಗಿಲ ಕಡೆಗೇ ಹೋಗುತ್ತಾರೆ, ಪಕ್ಕದಲ್ಲೇ ಇನ್ನೊಂದು ದಾರಿಯಿದ್ದರೂ. ಹಾಗಾಗಿ ಮೊದಲ ಡ್ರಿಲ್ ಹೇಳಿ ಮಾಡಿ. ಎರಡನೆಯದರಲ್ಲಿ ಮುಖ್ಯ ಮೆಟ್ಟಿಲಿನ ಎದುರು ಒಬ್ಬರನ್ನು ನಿಲ್ಲಿಸಿ, "ಇಲ್ಲಿ ಹೊಗೆಯಿದೆ" ಎಂಬ ಫಲಕ ಹಿಡಿಸಿ. ಮೂರನೆಯದನ್ನು ಹೇಳದೆ ಮಾಡಿ, ಅಂದು ಹಾಜರಿ ಪಟ್ಟಿಯವರನ್ನು ಬೇಕೆಂದೇ ಆಚೆ ಕಳಿಸಿರಿ. ಅಲಾರಂನಿಂದ ಮೊದಲ ವ್ಯಕ್ತಿ ಎದ್ದದ್ದಕ್ಕೆ ಎಷ್ಟು ಸೆಕೆಂಡು, ಕೊನೆಯವರು ಹೊರಬಂದದ್ದಕ್ಕೆ ಎಷ್ಟು, ಹಾಜರಿ ಮುಗಿದದ್ದಕ್ಕೆ ಎಷ್ಟು ಎಂದು ಮೂರು ಲೆಕ್ಕ ಬೇರೆ ಬೇರೆ ಬರೆದಿಡಿ. ಸಾಮಾನ್ಯವಾಗಿ ಕೆಡುವುದು ಮೂರನೆಯದು. ಜನ ಕೆಳಗೆ ಬಂದು ಚದುರಿಹೋಗುತ್ತಾರೆ, ಒಬ್ಬರು ಕಾಣುತ್ತಿಲ್ಲ ಎಂದಾಗ ಅವರು ಒಳಗಿದ್ದಾರೋ ಆಚೆ ಹೋದರೋ ಯಾರಿಗೂ ಗೊತ್ತಿರುವುದಿಲ್ಲ. ಆಗ ಅಗ್ನಿಶಾಮಕ ಸಿಬ್ಬಂದಿ, ಒಳಗೆ ಇಲ್ಲದವರನ್ನೂ ಹುಡುಕಿಕೊಂಡು ಹೊಗೆಯೊಳಗೆ ನುಗ್ಗಬೇಕಾಗುತ್ತದೆ.

ಸೇರುವ ಜಾಗ ಕಟ್ಟಡದ ಎತ್ತರಕ್ಕಿಂತ ದೂರವಿರಲಿ, ಒಡೆದ ಗಾಜು ಬೀಳುವಲ್ಲಿ ಬೇಡ, ಅಗ್ನಿಶಾಮಕ ವಾಹನ ಬರುವ ದಾರಿಯಲ್ಲೂ ಬೇಡ. ಗಾಳಿ ಹೊಗೆಯನ್ನು ಆ ಕಡೆಗೇ ತಂದರೆ ಎಂದು ಎದುರು ದಿಕ್ಕಿನಲ್ಲಿ ಇನ್ನೊಂದು ಜಾಗವನ್ನೂ ಗುರುತಿಸಿ.

ಡ್ರಿಲ್ ದಿನವೇ ತುರ್ತು ದೀಪಗಳನ್ನೂ ಪರೀಕ್ಷಿಸಿಬಿಡಿ. ತಿಂಗಳಿಗೊಮ್ಮೆ ಅರ್ಧ ನಿಮಿಷ ಹಚ್ಚಿ ನೋಡುವುದು, ವರ್ಷಕ್ಕೊಮ್ಮೆ 90 ನಿಮಿಷ ಬ್ಯಾಟರಿಯಲ್ಲೇ ಉರಿಸುವುದು ರೂಢಿ. ಹಳೆಯ ಬ್ಯಾಟರಿಯ ದೀಪ ಅರ್ಧ ನಿಮಿಷದ ಪರೀಕ್ಷೆಯಲ್ಲಿ ಗೆದ್ದು ಹತ್ತನೇ ನಿಮಿಷಕ್ಕೆ ಆರುತ್ತದೆ.

ಪ್ರಶ್ನೆ: ಭೂಕಂಪವಾದರೆ ಹೊರಗೆ ಓಡಬೇಕೋ, ಮೇಜಿನಡಿ ಕೂರಬೇಕೋ?

ಉತ್ತರ: ಮೇಜಿನಡಿ. ಕುಗ್ಗಿ, ತಲೆ-ಕತ್ತು ಮುಚ್ಚಿಕೊಂಡು, ಮೇಜಿನ ಕಾಲು ಹಿಡಿದುಕೊಳ್ಳಿ. ಮೇಜು ಸರಿದರೆ ನೀವೂ ಜೊತೆಗೆ ಸರಿಯಿರಿ. ನೆಲ ಅಲುಗುವಾಗ ಓಡಿದವರು ಬಿದ್ದು, ಇಲ್ಲವೇ ಹೊರಗೋಡೆಯಿಂದ ಉದುರುವ ಗಾಜು-ಇಟ್ಟಿಗೆ ಬಿದ್ದು ಗಾಯಗೊಳ್ಳುತ್ತಾರೆ. ಬಾಗಿಲ ಚೌಕಟ್ಟಿನಡಿ ನಿಲ್ಲುವುದು ಹಳೆಯ ಸಲಹೆ, ಈಗಿನ ಕಟ್ಟಡಗಳಲ್ಲಿ ಅದು ಉಳಿದ ಜಾಗಕ್ಕಿಂತ ಗಟ್ಟಿಯೇನಲ್ಲ. ಅಲುಗಾಟ ನಿಂತ ಮೇಲೆ ಮೆಟ್ಟಿಲಿನಿಂದ ಇಳಿಯಿರಿ. ಮೊದಲೇ ಮಾಡಬಹುದಾದ ದೊಡ್ಡ ಕೆಲಸವೆಂದರೆ ಎತ್ತರದ ಬೀರು, ರ್‍ಯಾಕ್‌ಗಳನ್ನು ಎಲ್ ಆಕಾರದ ಪಟ್ಟಿಯಿಂದ ಗೋಡೆಗೆ ಬಿಗಿಸುವುದು, ಭಾರದ ಸಾಮಾನು ಕೆಳಗಿನ ಹಲಗೆಗೆ ಇಳಿಸುವುದು. ತೆಳು ಮರದ ಅಡ್ಡಗೋಡೆಗೆ ಬಿಗಿಸಿದರೆ ಬೀರಿನ ಜೊತೆ ಅದೂ ಬೀಳುತ್ತದೆ.

ಪ್ರಶ್ನೆ: ನೆಲಮಹಡಿಯಲ್ಲಿ ನಮ್ಮ ಉಗ್ರಾಣ, ನೆಲಮಾಳಿಗೆಯಲ್ಲಿ ವಿದ್ಯುತ್ ಫಲಕ ಮತ್ತು ಯುಪಿಎಸ್. ಜೋರು ಮಳೆಗೆ ಒಮ್ಮೆ ನೀರು ನುಗ್ಗಿತ್ತು.
– ಬಿಡಿಭಾಗಗಳ ವ್ಯಾಪಾರಿ

ಉತ್ತರ: ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಗೋಡೆಗೆ ಗೆರೆ ಎಳೆಯಿರಿ. ಫಲಕ, ಯುಪಿಎಸ್, ಬ್ಯಾಟರಿ, ಸರ್ವರ್ ಎಲ್ಲವೂ ಆ ಗೆರೆಗಿಂತ ಸಾಕಷ್ಟು ಮೇಲೆ, ಅಂದರೆ ನೆಲಮಹಡಿಗೋ ಅದರ ಮೇಲಕ್ಕೋ ಹೋಗಲಿ. ಎಲ್ಲವನ್ನೂ ಒಮ್ಮೆಲೇ ಮಾಡಲಾಗದಿದ್ದರೆ ಫಲಕವನ್ನು ಮೊದಲು ಸಾಗಿಸಿ. ಯಾಕೆಂದರೆ ನೀರು ಬಂದಾಗ ಮೇನ್ ಸ್ವಿಚ್ ಆಫ್ ಮಾಡಲು ಯಾರಾದರೂ ನೆಲಮಾಳಿಗೆಗೆ ಇಳಿಯುತ್ತಾರೆ, ಅಲ್ಲೇ ಸಾವು ಕಾದಿರುತ್ತದೆ. ಸ್ವಿಚ್ ಆಫ್ ಮಾಡುವುದು ನೀರು ಒಳಬರುವ ಮುಂಚೆ. ನೆಲ ಒದ್ದೆಯಾದ ಮೇಲೆ ಫಲಕ ಮುಟ್ಟುವಂತಿಲ್ಲ, ಹೊರಗಿನಿಂದಲೇ ಸಂಪರ್ಕ ತೆಗೆಸಬೇಕು. ಯುಪಿಎಸ್ ವಿಷಯದಲ್ಲಿ ಒಂದು ಮೋಸವಿದೆ: ಮೇನ್ ಆಫ್ ಆದರೂ ಅದು ಬ್ಯಾಟರಿಯಿಂದ ಪ್ಲಗ್‌ಗಳಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಅದರದೇ ಸ್ವಿಚ್ಚನ್ನು ಬೇರೆಯಾಗಿ ಆಫ್ ಮಾಡಬೇಕು.

ವಾಹನ ತರಲೆಂದು ನೆಲಮಾಳಿಗೆಗೆ ಯಾರೂ ಇಳಿಯಬಾರದು. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು, 30 ಸೆಂಟಿಮೀಟರಿಗೆ ಸಣ್ಣ ಕಾರುಗಳು ತೇಲುತ್ತವೆ. ಇಳಿಜಾರಿನಲ್ಲಿ ನುಗ್ಗುವ ನೀರಿನೆದುರು ಬಾಗಿಲು ತೆರೆಯಲೂ ಆಗುವುದಿಲ್ಲ.

ನೀರಿಳಿದ ಮೇಲೆ ಎಲೆಕ್ಟ್ರಿಷಿಯನ್ ನೋಡುವ ತನಕ ಯಾವ ಉಪಕರಣಕ್ಕೂ ಕರೆಂಟ್ ಕೊಡಬೇಡಿ. ಜನರೇಟರ್ ಬಳಸುವುದಾದರೆ ಕಟ್ಟಡದಾಚೆ, ಕಿಟಕಿ-ಬಾಗಿಲುಗಳಿಂದ ಕಡೇಪಕ್ಷ 6 ಮೀಟರ್ ದೂರದಲ್ಲಿಡಿ. ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆನೋವು, ತಲೆಸುತ್ತು ಎಂದುಕೊಳ್ಳುವಷ್ಟರಲ್ಲಿ ಎಚ್ಚರ ತಪ್ಪುತ್ತದೆ. ಜನರೇಟರನ್ನು ಪ್ಲಗ್ ಮೂಲಕ ಹಿಮ್ಮುಖವಾಗಿ ವೈರಿಂಗ್‌ಗೆ ಜೋಡಿಸಬೇಡಿ. ಆ ಕರೆಂಟ್ ಹೊರಗಿನ ತಂತಿಗೆ ಹರಿದು, ದುರಸ್ತಿಗೆ ಬಂದ ಲೈನ್‌ಮನ್‌ಗೆ ತಗುಲುತ್ತದೆ. ಜನರೇಟರ್ ಮತ್ತು ಹೊರಗಿನ ಲೈನ್ ಒಟ್ಟಿಗೆ ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ.

ಪ್ರಶ್ನೆ: ಪಕ್ಕದಲ್ಲಿ ರಾಸಾಯನಿಕ ಕಾರ್ಖಾನೆಯಿದೆ. ಅಲ್ಲಿ ಅನಿಲ ಸೋರಿದರೆ ಹೊರಗೆ ಓಡುವುದೇ?

ಉತ್ತರ: ಆಗ ಹೊರಗೆ ಓಡುವುದೇ ಅಪಾಯವಾಗಬಹುದು. ಕಿಟಕಿ-ಬಾಗಿಲು ಮುಚ್ಚಿ, ಏಸಿ ಮತ್ತು ಗಾಳಿ ಹೊರದಬ್ಬುವ ಫ್ಯಾನ್ ನಿಲ್ಲಿಸಿ, ಬಾಗಿಲಡಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ, ಅಧಿಕಾರಿಗಳ ಸೂಚನೆಗೆ ಕಾಯಿರಿ. ಕ್ಲೋರಿನ್‌ನಂಥ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಿಯುತ್ತದೆ, ಆದ್ದರಿಂದ ಮೇಲಿನ ಮಹಡಿ ವಾಸಿ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೋಸಯನೇಟ್ ಕೂಡ ಗಾಳಿಗಿಂತ ಭಾರವಾದದ್ದೇ, ಬೀದಿಗಳಲ್ಲಿ ನೆಲಮಟ್ಟದಲ್ಲೇ ಹಬ್ಬಿತು. ಹೊರಗೇ ಇದ್ದವರು ಗಾಳಿ ಬೀಸುವ ದಿಕ್ಕಿಗೆ ಓಡಬಾರದು; ಅಡ್ಡಕ್ಕೆ, ಎತ್ತರದ ಕಡೆ ಹೋಗಬೇಕು. ಮಹಡಿಯ ಮೇಲೊಂದು ಬಟ್ಟೆಯ ಗಾಳಿಚೀಲ ಕಟ್ಟಿದ್ದರೆ ದಿಕ್ಕು ಒಂದೇ ನೋಟಕ್ಕೆ ತಿಳಿಯುತ್ತದೆ. ಸ್ಫೋಟದ ಸಾಧ್ಯತೆಯಿರುವ ಅನಿಲವಾದರೆ ಸೂಚನೆ ಬೇರೆಯೇ ಇರುತ್ತದೆ. ಹಾಗಾಗಿ ಆ ಕಾರ್ಖಾನೆಯವರನ್ನು ಮೊದಲೇ ಭೇಟಿಯಾಗಿ, ಏನೇನು ಇಟ್ಟಿದ್ದಾರೆ, ಅವರ ಸೈರನ್ನಿನ ಅರ್ಥವೇನು ಎಂದು ಬರೆದುಕೊಂಡು ಬನ್ನಿ.

ನಿಮ್ಮಲ್ಲೇ ಇರುವ ರಾಸಾಯನಿಕಗಳಿಗೆ ತಯಾರಕರು ಕೊಡುವ ಸುರಕ್ಷತಾ ಮಾಹಿತಿ ಹಾಳೆಯಲ್ಲಿ 16 ವಿಭಾಗಗಳಿರುತ್ತವೆ. 4ನೆಯದು ಪ್ರಥಮ ಚಿಕಿತ್ಸೆ, 5 ಬೆಂಕಿ, 6 ಸೋರಿಕೆ. ಈ ಮೂರನ್ನು ಪ್ರತಿಯೆತ್ತಿ ಡಬ್ಬಿಯ ಪಕ್ಕದ ಗೋಡೆಗೆ ಅಂಟಿಸಿ. ಶುಚಿಗೊಳಿಸುವವರಿಗೆ ಬ್ಲೀಚ್ ಮತ್ತು ಆಮ್ಲದ ಟಾಯ್ಲೆಟ್ ಕ್ಲೀನರ್ ಬೆರೆಸಬಾರದೆಂದು ತಪ್ಪದೆ ಹೇಳಿ. ಬೆರೆತರೆ ಏಳುವುದು ಅದೇ ಕ್ಲೋರಿನ್.

ಪ್ರಶ್ನೆ: ಮೆಟ್ಟಿಲ ಕೆಳಗಿನ ಖಾಲಿ ಜಾಗದಲ್ಲಿ ಸಿಬ್ಬಂದಿ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಚಾರ್ಜ್ ಮಾಡುತ್ತಾರೆ. ಸರಿಯೇ?

ಉತ್ತರ: ಇವತ್ತೇ ನಿಲ್ಲಿಸಿ. ಲಿಥಿಯಂ ಅಯಾನ್ ಬ್ಯಾಟರಿಯ ಒಂದು ಕೋಶ ಕೆಟ್ಟು ಕಾದರೆ ಪಕ್ಕದ ಕೋಶವನ್ನು ಕಾಯಿಸುತ್ತಾ ಸರಪಳಿಯಂತೆ ಹೊತ್ತಿಕೊಳ್ಳುತ್ತದೆ. ವಿಷಹೊಗೆ ಕೆಲವೇ ಸೆಕೆಂಡಿನಲ್ಲಿ ಮೆಟ್ಟಿಲಿಡೀ ತುಂಬಿ, ಎಲ್ಲರೂ ಇಳಿಯಬೇಕಾದ ದಾರಿಯೇ ಮುಚ್ಚುತ್ತದೆ. ಪುಡಿ ಸಿಲಿಂಡರ್ ಜ್ವಾಲೆ ಆರಿಸಿದರೂ ಒಳಗಿನ ಕಾವು ಇಳಿಯುವುದಿಲ್ಲ, ಗಂಟೆಗಳ ನಂತರವೂ ಮತ್ತೆ ಹೊತ್ತಬಹುದು. ಚಾರ್ಜಿಂಗ್ ಕಟ್ಟಡದ ಹೊರಗೆ, ಉರಿಯುವ ಸಾಮಾನಿನಿಂದ ದೂರ, ಬ್ಯಾಟರಿಯ ಜೊತೆ ಬಂದ ಚಾರ್ಜರ್‌ನಲ್ಲೇ ನಡೆಯಲಿ. ಉಬ್ಬಿದ, ಬಿದ್ದು ಜಜ್ಜಿದ, ನೀರಿನಲ್ಲಿ ನೆನೆದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು.

ಪ್ರಶ್ನೆ: ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಏನಿರಬೇಕು?
– ಯಂತ್ರಾಗಾರದ ಕೆಲಸಗಾರರು

ಉತ್ತರ: ಈಗ ನಿಮ್ಮ ಪೆಟ್ಟಿಗೆ ತೆರೆದರೆ ಬಹುಶಃ ಅಂಟುಪಟ್ಟಿ, ಅವಧಿ ಮೀರಿದ ಮುಲಾಮು, ನೋವಿನ ಮಾತ್ರೆ ಸಿಗುತ್ತವೆ. ಯಂತ್ರಾಗಾರದಲ್ಲಿ ಬೇಕಾಗುವುದು ಜೋರಾಗಿ ಹರಿಯುವ ರಕ್ತ ನಿಲ್ಲಿಸುವ ಸಾಮಾನು: ಕೈಗವಸು, ದೊಡ್ಡ ಗಾಜ್ ಸುರುಳಿಗಳು, ಒತ್ತುಪಟ್ಟಿ, ತ್ರಿಕೋನ ಬಟ್ಟೆ, ಉಡುಪು ಕತ್ತರಿಸುವ ಕತ್ತರಿ, ಒಂದೆರಡು ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ). ಗಾಯದ ಮೇಲೆ ಗಾಜ್ ಇಟ್ಟು ಎರಡೂ ಕೈಯಿಂದ ಬಿಡದೆ ಒತ್ತುವುದು ಮೊದಲ ಕೆಲಸ. ನೆನೆದರೆ ಅದನ್ನು ಕೀಳದೆ ಮೇಲೆ ಇನ್ನೊಂದು ಇಡಿ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ಐದರಿಂದ ಏಳು ಸೆಂಟಿಮೀಟರ್ ಮೇಲೆ, ಕೀಲು ಬಿಟ್ಟು ಟೂರ್ನಿಕೆಟ್ ಬಿಗಿಸಿ, ಕಟ್ಟಿದ ಸಮಯ ಬರೆದಿಡಿ. ಸಡಿಲಿಸುವುದು ಆಸ್ಪತ್ರೆಯವರ ಕೆಲಸ.

ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣನೆಯ ಹರಿಯುವ ನೀರು. ಮಂಜುಗಡ್ಡೆ, ಟೂತ್‌ಪೇಸ್ಟ್, ಎಣ್ಣೆ ಬೇಡ. ಕಣ್ಣಿಗೆ ರಾಸಾಯನಿಕ ಬಿದ್ದರೆ ರೆಪ್ಪೆ ಅಗಲಿಸಿ ಕಡೇಪಕ್ಷ 15 ನಿಮಿಷ ತೊಳೆಯಬೇಕು, ಅದಕ್ಕೆ ನಲ್ಲಿ ಹತ್ತಿರವಿರಬೇಕು.

ಕುಸಿದು ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರಂತೆ ಒತ್ತಬೇಕು. ಏದುಸಿರಿನಂಥ ಗೊರಗೊರ ಸದ್ದು ಉಸಿರಾಟವಲ್ಲ. ಅದನ್ನು ನಂಬಿ ಕಾದವರು ಬಹಳ. ಹೃದಯಕ್ಕೆ ಆಘಾತ ಕೊಡುವ ಎಇಡಿ ಯಂತ್ರ ತಡವಾದಷ್ಟೂ, ಒಂದೊಂದು ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಆದ್ದರಿಂದ ಯಂತ್ರವನ್ನು ಮುಖ್ಯಸ್ಥರ ಕೋಣೆಯ ಬೀಗದೊಳಗೆ ಇಡದೆ ಎಲ್ಲರಿಗೂ ಕಾಣುವಲ್ಲಿಡಿ, ಅದರ ಪ್ಯಾಡ್ ಮತ್ತು ಬ್ಯಾಟರಿಯ ಅವಧಿ ತಿಂಗಳಿಗೊಮ್ಮೆ ನೋಡಿ.

ಪ್ರಶ್ನೆ: ರಸ್ತೆ ಮುಚ್ಚಿ ಸಿಬ್ಬಂದಿ ಕಚೇರಿಯಲ್ಲೇ ಉಳಿಯಬೇಕಾಗಿ ಬಂದರೆ ಏನೇನು ಇಟ್ಟಿರಬೇಕು? ಕಡತ, ಲೆಕ್ಕಪತ್ರಗಳ ಕತೆಯೇನು?

ಉತ್ತರ: ನೀರು ತಲೆಗೆ ದಿನಕ್ಕೆ 4 ಲೀಟರ್, ಅದರಲ್ಲಿ ಅರ್ಧ ಕುಡಿಯಲು. 40 ಜನರಿಗೆ ಒಂದು ದಿನಕ್ಕೇ 160 ಲೀಟರ್ ಆಯಿತು, ಇಡುವ ಜಾಗ ಮೊದಲು ಹುಡುಕಿ. ಬೇಯಿಸದೆ ತಿನ್ನುವಂಥ ಆಹಾರ, ಟಾರ್ಚ್, ಬ್ಯಾಟರಿ ರೇಡಿಯೊ, ಸೀಟಿ, ಕಸದ ಚೀಲ. ನಿತ್ಯ ಔಷಧಿ ತೆಗೆದುಕೊಳ್ಳುವವರು ಒಂದೆರಡು ದಿನದ್ದನ್ನು ತಮ್ಮ ಮೇಜಿನಲ್ಲಿಡಲಿ. ಮೇಣದ ಬತ್ತಿ ಬೇಡ.

ಕಡತಗಳ ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಒಂದು ಪ್ರತಿಯಾದರೂ ಕಂಪ್ಯೂಟರಿಗೆ ಸದಾ ಜೋಡಿಸಿರದಂತೆ ನೋಡಿಕೊಳ್ಳಿ, ಇಲ್ಲವಾದರೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಅದನ್ನೂ ಹಿಡಿಯುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ಕಡತವನ್ನು ಪ್ರತಿಯಿಂದ ಮರಳಿ ತೆರೆದು ನೋಡಿ. ತಿಂಗಳುಗಟ್ಟಲೆ ಖಾಲಿ ಫೋಲ್ಡರನ್ನೇ ಬ್ಯಾಕಪ್ ಮಾಡುತ್ತಿದ್ದದ್ದು ಅವತ್ತೇ ಗೊತ್ತಾಗುವುದು.

ಸಿಬ್ಬಂದಿಯ ಮತ್ತು ಅವರ ಮನೆಯವರ ಫೋನ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು, ಒಂದು ಪ್ರತಿ ಹಾಜರಿ ಪಟ್ಟಿಯ ಜೊತೆ, ಇನ್ನೊಂದು ಮುಖ್ಯಸ್ಥರ ಮನೆಯಲ್ಲಿಡಿ. ಅನಾಹುತದ ದಿನ ಕರೆಗಳು ಸಿಗದೆ ಹೋದರೂ ಎಸ್‌ಎಂಎಸ್ ತಲುಪುವುದುಂಟು. ಹಾಗಾಗಿ ಯಾರು ಯಾರಿಗೆ ಸಂದೇಶ ಕಳಿಸಬೇಕೆಂದು ಐದೈದು ಜನರ ಗುಂಪು ಮಾಡಿ, ಡ್ರಿಲ್ ದಿನವೇ ಕಳಿಸಿ ನೋಡಿ. ಉತ್ತರ ಬಾರದ ಸಂಖ್ಯೆಗಳನ್ನು ಆ ಸಂಜೆಯೇ ತಿದ್ದಿಕೊಳ್ಳಿ.